ಗಾಜಿನ ಮೇಲಿನ ಬಣ್ಣದ ಹಾಳೆ



ಕೊಡೈಕೆನಾಲ್ ಬೆಟ್ಟದ ಗೋಪುರದಿಂದ ಟಿ.ವಿ. ಚಿತ್ರ ನಮ್ಮ ಕಂಬಂ ಕಣಿವೆಗೆ ಇಳಿದು ಬರತೊಡಗಿದ ಕಾಲ ಹಿರಿಯರಿಗೆ ನೆನಪಿರಬಹುದು. ಬಣ್ಣದ ಟಿ.ವಿ. 1982ರಲ್ಲೇ ಭಾರತಕ್ಕೆ ಬಂದಿತ್ತಾದರೂ ನಮ್ಮ ಬೀದಿಗಳಲ್ಲಿ ಬಹಳ ವರ್ಷ ಕಪ್ಪು-ಬಿಳುಪು ಪೆಟ್ಟಿಗೆಯದೇ ರಾಜ್ಯಭಾರ. ಆಗ ಅಂಗಡಿಗಳಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಮಾರುತ್ತಿದ್ದರು. ಕೆಲವು ಬರೀ ನೀಲಿ. ಕೆಲವು ಮೇಲೆ ನೀಲಿ, ನಡುವೆ ಕೆಂಪು ಛಾಯೆ, ಕೆಳಗೆ ಹಸಿರು. ಆಕಾಶ, ಮನುಷ್ಯ, ಹುಲ್ಲು ಎಂದು ಲೆಕ್ಕ. ಬಯಲಿನಲ್ಲಿ ನಾಯಕ ನಿಂತರೆ ಸರಿ. ಅವನ ಮುಖವನ್ನು ಹತ್ತಿರದಿಂದ ತೋರಿಸಿದರೆ ಹಣೆ ನೀಲಿ, ಗಲ್ಲ ಹಸಿರು! ಆದರೂ ನಾವು ಅದನ್ನು ಬಣ್ಣದ ಟಿ.ವಿ. ಎಂದೇ ಕರೆದೆವು.

ಆ ಹಾಳೆಯ ಒಡಹುಟ್ಟಿದಂಥ ಇನ್ನೊಂದು ಹಾಳೆಯ ವಿಷಯವನ್ನು ಇವತ್ತು ಹೇಳಹೊರಟಿದ್ದೇನೆ. ಹಳೆಯ ಕಾಲದ ವಿಡಿಯೋ ಆಟದ ಯಂತ್ರಗಳಿಗೆ ಪರದೆಯ ಮೇಲೆ ಹಾಕುತ್ತಿದ್ದ ಬಣ್ಣದ ಹಾಳೆ ಅದು. ಇಂಗ್ಲಿಷಿನಲ್ಲಿ ಓವರ್‌ಲೇ ಎನ್ನುತ್ತಾರೆ. ಈಗ ಕೆಲವರು ಅದನ್ನು ಮನೆಯಲ್ಲೇ ಮತ್ತೆ ಮುದ್ರಿಸಿ ಮಾರುತ್ತಾರೆ. ಅದನ್ನು ಹೇಗೆ ಮಾಡುತ್ತಾರೆ, ಅದರಲ್ಲಿ ಲಾಭವೆಷ್ಟು, ನ್ಯಾಯವೆಷ್ಟು ಎಂದು ನೋಡೋಣ.

ಮನೆಯ ಟಿ.ವಿ.ಗೆ ಜೋಡಿಸಿ ಆಡುವ ಮೊದಲ ವಿಡಿಯೋ ಆಟದ ಯಂತ್ರ ಅಮೆರಿಕದಲ್ಲಿ 1972ರಲ್ಲಿ ಮಾರಾಟಕ್ಕೆ ಬಂತು. ಹೆಸರು ಮ್ಯಾಗ್ನಾವಾಕ್ಸ್ ಒಡಿಸ್ಸಿ. ಅದನ್ನು ಕಂಡುಹಿಡಿದವರು ರಾಲ್ಫ್ ಬೇರ್. ಹಿಟ್ಲರನ ಕಾಲದಲ್ಲಿ, 1938ರಲ್ಲಿ, ಹುಡುಗನಾಗಿ ಜರ್ಮನಿ ಬಿಟ್ಟು ಅಮೆರಿಕ ಸೇರಿದವರು. 2014ರಲ್ಲಿ ತೀರಿಕೊಂಡರು. ಆ ಯಂತ್ರಕ್ಕೆ ತೋರಿಸಲು ಗೊತ್ತಿದ್ದುದು ಬಹಳ ಸ್ವಲ್ಪ: ಮೂರು ಬಿಳಿ ಚೌಕದ ಚುಕ್ಕಿ, ಒಂದು ನಿಂತ ಗೆರೆ. ಬಣ್ಣವಿಲ್ಲ, ಸದ್ದಿಲ್ಲ, ಅಂಕ ಎಣಿಸುವ ಬುದ್ಧಿಯೂ ಇಲ್ಲ. ಹಾಗಾದರೆ ಆಟ ಎಲ್ಲಿತ್ತು? ಬಹುಮಟ್ಟಿಗೆ ಹಾಳೆಯಲ್ಲಿತ್ತು. ಹಿಮದ ಬೆಟ್ಟದ ಇಳಿಜಾರಿನ ದಾರಿಯನ್ನು ಹಾಳೆಯ ಮೇಲೆ ಅಚ್ಚು ಹಾಕಿದ್ದರು. ಆಡುವವನು ತನ್ನ ಬೆಳಕಿನ ಚುಕ್ಕಿಯನ್ನು ಆ ದಾರಿಯಲ್ಲೇ ಇಳಿಸಬೇಕು. ದೆವ್ವದ ಮನೆಗೆ ಒಂದು ಹಾಳೆ, ಅಮೆರಿಕದ ನಕಾಶೆಗೆ ಒಂದು ಹಾಳೆ. ಚುಕ್ಕಿ ದಾರಿ ತಪ್ಪಿದರೆ ಯಂತ್ರಕ್ಕೆ ಗೊತ್ತಾಗುವುದಿಲ್ಲ. ತಪ್ಪಿದೆ ಎಂದು ಆಡುವವರೇ ಒಪ್ಪಿಕೊಂಡು ಕಾಗದದಲ್ಲಿ ಅಂಕ ಬರೆದುಕೊಳ್ಳಬೇಕು. ಪೆಟ್ಟಿಗೆಯೊಳಗೆ ದಾಳ, ಇಸ್ಪೀಟಿನಂಥ ಎಲೆಗಳು, ಆಟದ ದುಡ್ಡು ಎಲ್ಲ ಇರುತ್ತಿತ್ತು.

ಟಿ.ವಿ.ಗಳು ಬೇರೆ ಬೇರೆ ಅಳತೆಯವಾದ್ದರಿಂದ ಒಂದೇ ಚಿತ್ರವನ್ನು ಎರಡು ಅಳತೆಯಲ್ಲಿ ಕೊಡುತ್ತಿದ್ದರು. ಅಂಟು ಬೇಕಿರಲಿಲ್ಲ. ಹಳೆಯ ಪಿಕ್ಚರ್ ಟ್ಯೂಬಿನ ಗಾಜಿನ ಬಳಿ ಕೈ ಒಡ್ಡಿದರೆ ರೋಮ ನಿಮಿರಿ ನಿಲ್ಲುತ್ತಿತ್ತಲ್ಲ, ಆ ಸ್ಥಾಯೀ ವಿದ್ಯುತ್ತೇ ಹಾಳೆಯನ್ನು ಹಿಡಿದುಕೊಳ್ಳುತ್ತಿತ್ತು.

ಟಿ.ವಿ. ಗಾಜಿಗೆ ಹಾಳೆ ಅಂಟಿಸುವುದು ಅದಕ್ಕೂ ಹಿಂದಿನ ಉಪಾಯವೇ. 1953ರಿಂದ 1957ರವರೆಗೆ ಅಮೆರಿಕದಲ್ಲಿ ವಿಂಕಿ ಡಿಂಕ್ ಎಂಬ ಮಕ್ಕಳ ಕಾರ್ಯಕ್ರಮ ಬರುತ್ತಿತ್ತು. ಮಕ್ಕಳು ಗಾಜಿನ ಮೇಲೆ ಪಾರದರ್ಶಕ ಹಾಳೆ ಅಂಟಿಸಿ, ಕಥೆಯ ಹುಡುಗನಿಗೆ ಹೊಳೆ ದಾಟಲು ಸೇತುವೆ ಬರೆದುಕೊಡಬೇಕು. ಹಾಳೆ ಕೊಳ್ಳದ ಮನೆಯ ಮಕ್ಕಳು ನೇರವಾಗಿ ಗಾಜಿನ ಮೇಲೇ ಬರೆದುಬಿಟ್ಟರಂತೆ!

ಇನ್ನೊಂದು ಯಂತ್ರ ವೆಕ್ಟ್ರೆಕ್ಸ್. 1982ರ ಕೊನೆಯಲ್ಲಿ ಬಂತು, 1984ರಲ್ಲಿ ನಿಂತುಹೋಯಿತು. ಇದಕ್ಕೆ ಬೇರೆ ಟಿ.ವಿ. ಬೇಡ, ಒಂಬತ್ತು ಅಂಗುಲದ ಕಪ್ಪು-ಬಿಳುಪು ಪರದೆ ಅದರಲ್ಲೇ ಇದೆ. ಸಾಮಾನ್ಯ ಟಿ.ವಿ. ಹೊಲ ಉತ್ತಂತೆ ಸಾಲು ಸಾಲಾಗಿ ಚಿತ್ರ ಬಿಡಿಸಿದರೆ, ಇದು ಚುಕ್ಕಿಯಿಂದ ಚುಕ್ಕಿಗೆ ರಂಗೋಲಿ ಎಳೆದಂತೆ ನೇರವಾಗಿ ಗೆರೆ ಎಳೆಯುತ್ತದೆ. ಗೆರೆ ಬಹಳ ಚೂಪು, ಆದರೆ ಬಣ್ಣವಿಲ್ಲ. ಅದಕ್ಕೇ ಆಟಕ್ಕೊಂದು ಬಣ್ಣದ ಹಾಳೆ ಕೊಟ್ಟರು. ಅಂಗಡಿಗಳಲ್ಲಿ ಕಾಸು ಹಾಕಿ ಆಡುವ ದೊಡ್ಡ ಯಂತ್ರಗಳಲ್ಲೂ ಇದೇ ಜಾಣತನ ನಡೆದಿತ್ತು. 1976ರ ಬ್ರೇಕ್‌ಔಟ್ ಆಟದ ಬಣ್ಣದ ಇಟ್ಟಿಗೆಗಳೂ, 1978ರ ಸ್ಪೇಸ್ ಇನ್ವೇಡರ್ಸ್ ಆಟದ ಹಸಿರು ಕೋಟೆಗಳೂ ಬಣ್ಣದ ಪಟ್ಟಿಗಳ ಮಹಿಮೆ.

ಹಾಳೆ ಬಣ್ಣವನ್ನು ಸೇರಿಸುವುದಿಲ್ಲ, ತೆಗೆಯುತ್ತದೆ. ಇದನ್ನು ತಿಳಿದುಕೊಂಡರೆ ಮುಂದಿನದು ಸುಲಭ. ವೀರಪಾಂಡಿ ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಬಣ್ಣದ ಪ್ಲಾಸ್ಟಿಕ್ ಕನ್ನಡಕವನ್ನು ಹಾಕಿ ನೋಡಿ. ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ಹಸಿರು ಹಾಳೆ ಹಸಿರನ್ನು ಬಿಟ್ಟು ಮಿಕ್ಕದ್ದನ್ನು ತಡೆಯುತ್ತದೆ. ಆದ್ದರಿಂದ ಬಣ್ಣ ಬಂದಷ್ಟೂ ಬೆಳಕು ಕುಗ್ಗುತ್ತದೆ. ಮಸಿ ದಪ್ಪವಾದರೆ ಹಾಳೆ ಕೈಯಲ್ಲಿ ಚೆಂದ, ಪರದೆಯ ಮೇಲೆ ಕತ್ತಲು.

ಇಷ್ಟು ವರ್ಷಗಳ ಮೇಲೆ ಮೂಲ ಹಾಳೆಗಳ ಗತಿ ಏನಾಗಿರುತ್ತದೆಂದು ನೀವೇ ಊಹಿಸಿ. ಗೀರು ಬಿದ್ದಿವೆ, ಸೊಟ್ಟಗಾಗಿವೆ, ಬಣ್ಣ ಮಾಸಿದೆ. ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತುವಾದ್ದರಿಂದ ಯಾರೂ ಜೋಪಾನ ಮಾಡಲಿಲ್ಲ. ಯಂತ್ರ ಕೆಟ್ಟರೆ ರಿಪೇರಿ ಮಾಡಬಹುದು. ಒಡಿಸ್ಸಿಯ ಹಾಳೆ ಹೋದರೆ ಉಳಿಯುವುದು ಕತ್ತಲಲ್ಲಿ ಓಡಾಡುವ ಮೂರು ಚುಕ್ಕಿ ಮಾತ್ರ. ಆಟವೇ ಹೋದಂತೆ.

ಈ ವಿಷಯ ನನ್ನ ತಲೆಗೆ ಬಂದದ್ದು ನನ್ನ ತಂಗಿಯ ಮಗನಿಂದ. ಕಣಿವೆಯಲ್ಲಿ ಅವನದೊಂದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಮದುವೆಯ ತಾಂಬೂಲದ ಚೀಲ, ತಮಿಳಿನಲ್ಲಿ ಮಂಜಪೈ ಎನ್ನುವ ಹಳದಿ ಚೀಲ, ಅದರ ಮೇಲೆ ಗಂಡು-ಹೆಣ್ಣಿನ ಹೆಸರು ಅಚ್ಚು ಹಾಕುವುದು ಅವನ ಕೆಲಸ. ಮುಹೂರ್ತದ ತಿಂಗಳು ಕಳೆದರೆ ಕೈ ಖಾಲಿ. ಹೊರದೇಶದಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರೊಬ್ಬರು ರಜಕ್ಕೆ ಬಂದಾಗ ಅವನಿಗೆ ಒಂದು ಸೀಳಿದ ವೆಕ್ಟ್ರೆಕ್ಸ್ ಹಾಳೆ ಕೊಟ್ಟು, “ಇಂಥದ್ದು ಮಾಡಲು ಆಗುತ್ತದೆಯೇ?” ಎಂದರಂತೆ. ಅವನು ಅದನ್ನು ಹಿಡಿದು ನೇರ ನನ್ನ ಮನೆಗೆ ಬಂದ. “ಮಾವ, ಇದಕ್ಕೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದಾ?” ಎಂದು ಅವನ ಮೊದಲ ಪ್ರಶ್ನೆ. ನಿವೃತ್ತ ಗುಮಾಸ್ತನನ್ನು ಜನ ಕೇಳುವುದು ಅದನ್ನೇ. ಸಾಲದ ಮಾತು ಆಮೇಲೆ, ಮೊದಲು ಕೆಲಸ ತಿಳಿಯೋಣ ಎಂದೆ.

ಕೆಲಸ ಹೀಗಿದೆ. ಮೊದಲು ಮೂಲ ಹಾಳೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಸ್ಕ್ಯಾನ್ ಮಾಡಬೇಕು. ಅಂಗುಲಕ್ಕೆ 600 ಚುಕ್ಕಿಯಾದರೂ ಇರಲಿ. ಬಿಳಿ ಕಾಗದ ಇಟ್ಟು ಒಮ್ಮೆ, ಹಿಂದಿನಿಂದ ಬೆಳಕು ಬಿಟ್ಟು ಇನ್ನೊಮ್ಮೆ. ಎರಡರಲ್ಲಿ ಬಣ್ಣ ಬೇರೆ ಬೇರೆ ಕಾಣುತ್ತದೆ, ನಮಗೆ ಬೇಕಾದದ್ದು ಎರಡನೆಯದು. ಆ ಪ್ರತಿಯನ್ನು ಹಾಗೇ ಅಚ್ಚು ಹಾಕಿದರೆ ಗೀರು, ಕಲೆಗಳೂ ಅಚ್ಚಾಗುತ್ತವೆ. ಆದ್ದರಿಂದ ಕಂಪ್ಯೂಟರಿನಲ್ಲಿ ಒಂದೊಂದು ಗೆರೆಯನ್ನೂ ಹೊಸದಾಗಿ ಎಳೆಯಬೇಕು. ದಿನಗಟ್ಟಲೆ ಹಿಡಿಯುವುದು ಇಲ್ಲೇ. ಮಿಕ್ಕಿದ್ದು ಕೈಕೆಲಸ.

ಬಳಿಕ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಗೆ ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ ಬಳಿದು ಮಂದ ಬೆಳಕಿನಲ್ಲಿ ಒಣಗಿಸುತ್ತಾರೆ. ಆ ಬಣ್ಣದ ಭಾಗ ಮಾತ್ರ ಕಪ್ಪಾಗಿರುವ ಫಿಲ್ಮನ್ನು ಅದರ ಮೇಲಿಟ್ಟು ಬೆಳಕು ಕೊಡುತ್ತಾರೆ. ಬೆಳಕು ಬಿದ್ದ ಕಡೆ ಎಮಲ್ಷನ್ ಗಟ್ಟಿ. ಕಪ್ಪಿನ ಅಡಿಯಲ್ಲಿದ್ದದ್ದು ನೀರಿಗೆ ತೊಳೆದುಹೋಗಿ ಜಾಲರಿ ತೆರೆದುಕೊಳ್ಳುತ್ತದೆ. ಆ ತೆರಪಿನಿಂದ ಮಸಿಯನ್ನು ರಬ್ಬರ್ ಪಟ್ಟಿಯಲ್ಲಿ ಎಳೆದರೆ ಅಚ್ಚು. ಚೀಲಕ್ಕೆ ಮಾಡುವುದೂ ಇದನ್ನೇ. ವ್ಯತ್ಯಾಸ ಮೂರು ಕಡೆ ಇದೆ.

ಚೀಲದ ಮಸಿ ಪ್ಲಾಸ್ಟಿಕ್ಕಿಗೆ ಹಿಡಿಯದು. ಪಾಲಿಕಾರ್ಬನೇಟ್ ಅಥವಾ ಪಾಲಿಯೆಸ್ಟರ್ ಹಾಳೆಗೆಂದೇ ಮಾಡಿದ, ಬೆಳಕು ಹಾಯುವ ಮಸಿ ಬೇಕು. ಒಣಗಿದ ಮೇಲೆ ಬ್ಲೇಡಿನಿಂದ ಸಣ್ಣ ಚೌಕುಳಿ ಗೀರಿ, ಮೇಲೆ ಸೆಲ್ಲೋ ಟೇಪ್ ಒತ್ತಿ ಸರ್ರನೆ ಕಿತ್ತು ನೋಡಿ. ಟೇಪಿನ ಜೊತೆ ಬಣ್ಣ ಎದ್ದು ಬಂದರೆ ಆ ಮಸಿ ಕೆಲಸಕ್ಕೆ ಬಾರದು. ಎರಡನೆಯದು, ಹಾಳೆಯ ಹಿಂಬದಿಗೆ ಕನ್ನಡಿಯ ಪ್ರತಿಬಿಂಬದಂತೆ ತಿರುಗಿಸಿ ಅಚ್ಚು ಹಾಕಿದರೆ ಗೀರು ಬೀಳುವುದು ಪ್ಲಾಸ್ಟಿಕ್ಕಿಗೆ, ಬಣ್ಣಕ್ಕಲ್ಲ. ಆಗ ಕ್ರಮವೂ ತಿರುಗುಮುರುಗು: ಮುಂದೆ ಕಾಣಬೇಕಾದ ಅಕ್ಷರ, ಗೆರೆ ಮೊದಲು, ಬಣ್ಣ ಆಮೇಲೆ, ಅಂಚಿನ ಚಿತ್ರದಲ್ಲಿ ಬೆಳಕು ತಡೆಯುವ ಬಿಳಿ ಅಥವಾ ಕಪ್ಪು ಕೊನೆಗೆ. ಮೂರನೆಯದು ಹೊಂದಾಣಿಕೆ. ಚೀಲದಲ್ಲಿ ಅಕ್ಷರ ಒಂದು ನೂಲು ಸರಿದರೆ ಮದುವೆಯೇನೂ ನಿಲ್ಲುವುದಿಲ್ಲ. ಇಲ್ಲಿ ಒಂದು ನೂಲು ಸರಿದರೂ ಎರಡು ಬಣ್ಣಗಳ ನಡುವೆ ಬಿಳಿ ಬೆಳಕು ಇಣುಕುತ್ತದೆ.

ಕಂಪ್ಯೂಟರ್ ಪ್ರಿಂಟರಿನಲ್ಲೇ ಪಾರದರ್ಶಕ ಹಾಳೆಗೆ ಹೊಡೆಯುವವರೂ ಇದ್ದಾರೆ. ಒಂದೆರಡು ಹಾಳೆಗೆ ಅದೇ ಸುಲಭ. ಆದರೆ ಸಾಮಾನ್ಯ ಇಂಕ್‌ಜೆಟ್ ಬಣ್ಣ ಬೇಗ ಮಾಸುತ್ತದೆ, ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಸಣ್ಣ ಚುಕ್ಕಿಗಳು ಕಾಣುತ್ತವೆ. ಸ್ಕ್ರೀನ್ ಅಚ್ಚಿನ ಬಣ್ಣ ಗೋಡೆಗೆ ಬಳಿದಂತೆ ತುಂಬಿ ನಿಂತಿರುತ್ತದೆ. ಕೊಳ್ಳುವವರು ಇದನ್ನು ನೋಡಿಯೇ ಬೆಲೆ ಕಟ್ಟುತ್ತಾರೆ. ಯಾವ ರೀತಿ ಮಾಡಿದರೂ ಬಣ್ಣ ಸರಿಯಿದೆಯೇ ಎಂದು ಬಿಸಿಲಿನಲ್ಲಿ ನೋಡಬಾರದು, ಉರಿಯುವ ಪರದೆಯ ಮೇಲೇ ಇಟ್ಟು ನೋಡಬೇಕು.

ಇನ್ನು ನನ್ನ ಇಲಾಖೆಗೆ ಬರುತ್ತೇನೆ, ಲೆಕ್ಕಕ್ಕೆ. ನಾಲ್ಕು ಬಣ್ಣಕ್ಕೆ ಫಿಲ್ಮ್, ಸ್ಕ್ರೀನ್ ಎಲ್ಲ ಸೇರಿ 2000 ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ಹಾಳೆ ಮಾಡಿದರೆ ಒಂದರ ತಲೆಗೆ 200 ರೂಪಾಯಿ ಬೀಳುತ್ತದೆ. ನೂರು ಮಾಡಿದರೆ 20. ಇದನ್ನು ಕಂಡ ಕೂಡಲೇ ಎಲ್ಲರಿಗೂ ನೂರು ಮಾಡುವ ಆಸೆ. ಆದರೆ ವೆಕ್ಟ್ರೆಕ್ಸ್ ತಯಾರಿಕೆ ನಿಂತದ್ದು 1984ರಲ್ಲಿ. ಅಂದಿನಿಂದ ಯಂತ್ರಗಳ ಸಂಖ್ಯೆ ಇಳಿಯಬಹುದೇ ಹೊರತು ಏರಲಾರದು. ಒಂದು ಆಟದ ಹಾಳೆಯನ್ನು ಒಬ್ಬ ಗಿರಾಕಿ ಒಮ್ಮೆ ಕೊಳ್ಳುತ್ತಾನೆ. ಮಾರದೆ ಉಳಿದ 70 ಹಾಳೆ ಅಟ್ಟದ ಮೇಲೆ ಸೊಟ್ಟಗಾಗುತ್ತಾ ಕೂರುತ್ತವೆ. ಅಚ್ಚಿನಲ್ಲಿ ಹಾಳಾದವನ್ನೂ ವೆಚ್ಚಕ್ಕೇ ಸೇರಿಸಬೇಕು. ಗೆರೆ ಎಳೆದ ದಿನಗಳ ಕೂಲಿಯನ್ನಂತೂ ಯಾರೂ ಬರೆಯುವುದೇ ಇಲ್ಲ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ ಸಾಲವಿದೆ. ಆದರೆ ಕಂತು ತಿಂಗಳು ತಿಂಗಳು ಬರುತ್ತದೆ, ಇಂಥ ಗಿರಾಕಿ ಹಾಗೆ ಬರುವುದಿಲ್ಲ. ಇರುವ ಸಾಮಾನಿನಲ್ಲಿ ಹತ್ತು ಮಾಡು, ಮುಂಗಡ ಬಂದರೆ ಇನ್ನೂ ಹತ್ತು ಮಾಡು, ಸಾಲ ಬೇಡ ಎಂದೆ. ಅವನ ಮುಖ ಸ್ವಲ್ಪ ಸಣ್ಣದಾಯಿತು.

ಅದಕ್ಕಿಂತ ದೊಡ್ಡ ಪ್ರಶ್ನೆ ಹಕ್ಕಿನದು. ಹಳೆಯದಾದ ಮಾತ್ರಕ್ಕೆ ಚಿತ್ರ ಊರಿನ ಸೊತ್ತಾಗುವುದಿಲ್ಲ. 1982ರ ಚಿತ್ರಕ್ಕೆ ಸಾಮಾನ್ಯವಾಗಿ ಕೃತಿಸ್ವಾಮ್ಯ ಇನ್ನೂ ಮುಗಿದಿರುವುದಿಲ್ಲ. ವೆಕ್ಟ್ರೆಕ್ಸ್ ಹಕ್ಕು ಹೊಂದಿದ್ದವರು 1990ರ ದಶಕದಲ್ಲಿ, ಹಣ ಮಾಡುವ ಉದ್ದೇಶವಿಲ್ಲದ ನಕಲಿಗೆ ಒಪ್ಪಿಗೆ ಕೊಟ್ಟದ್ದುಂಟು. ತನಗೋ ಗೆಳೆಯನಿಗೋ ಒಂದು ಮಾಡಿಕೊಳ್ಳುವುದು ಬೇರೆ, ಅಂಗಡಿ ತೆರೆದು ಮಾರುವುದು ಬೇರೆ. ಮಾರುವುದಿದ್ದರೆ ಹಕ್ಕುದಾರರ ಪತ್ರ ಕೈಯಲ್ಲಿರಬೇಕು. ಇದಕ್ಕೊಂದು ಒಳ್ಳೆಯ ದಾರಿಯಿದೆ. ಈ ಹಳೆಯ ಯಂತ್ರಕ್ಕೆ ಹೊಸ ಆಟ ಬರೆಯುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಅವರ ಆಟಕ್ಕೂ ಹಾಳೆ ಬೇಕು. ಚಿತ್ರ ಅವರದೇ, ಒಪ್ಪಿಗೆ ಅವರದೇ, ಅಚ್ಚು ನಮ್ಮದು. ಚೀಲದ ಕೆಲಸದಂತೆಯೇ ಕೂಲಿಯ ಲೆಕ್ಕ.

ಬ್ಯಾಂಕಿನಲ್ಲಿ ಎರಡು ಬಗೆಯ ನಕಲು ನೋಡಿ ನನ್ನ ಆಯುಷ್ಯ ಕಳೆಯಿತು. ಒಂದು, ಮೂಲವನ್ನು ನೋಡಿ “ನಿಜಪ್ರತಿ” ಎಂದು ಮೊಹರು ಹಾಕಿದ ಜೆರಾಕ್ಸ್. ಅದಕ್ಕೆ ಮರ್ಯಾದೆಯುಂಟು, ಫೈಲಿನಲ್ಲಿ ಜಾಗವುಂಟು. ಇನ್ನೊಂದು ಖೋಟಾ ನೋಟು. ಅದು ಕೌಂಟರಿಗೆ ಬಂದರೆ ಮೊಹರು ಹಾಕಿ ಮುಟ್ಟುಗೋಲು ಮಾಡುತ್ತೇವೆ, ತಂದವನಿಗೆ ಮರಳಿ ಕೊಡುವುದಿಲ್ಲ. ಎರಡೂ ನಕಲೇ. ಒಂದು ತಾನು ನಕಲೆಂದು ಹೇಳಿಕೊಳ್ಳುತ್ತದೆ, ಇನ್ನೊಂದು ಹೇಳುವುದಿಲ್ಲ. ಮರುಮುದ್ರಣದ ಹಾಳೆಯನ್ನು ಅಸಲಿ ಎಂದು ಮಾರಿದರೆ ಹಳೆಯ ವಸ್ತು ಕೂಡಿಡುವವರು ಮೋಸಹೋಗುತ್ತಾರೆ. ಇಂದು ನಾವು ಹೇಳಿಯೇ ಮಾರಿದರೂ ಮೂರನೆಯ ಕೈಗೆ ಹೋಗುವಾಗ ಆ ಮಾತು ಜೊತೆಯಲ್ಲಿ ಹೋಗುವುದಿಲ್ಲ. ಆದ್ದರಿಂದ ಮಾತು ಹಾಳೆಯ ಮೇಲೇ ಇರಬೇಕು: ಮರುಮುದ್ರಣ ಎಂಬ ಪದ ಮತ್ತು ಇಸವಿ.

“ಅಂದ ಕೆಡುತ್ತದೆ ಮಾವ” ಎಂದು ಅವನು ವಾದಿಸಿದ. ಕೊನೆಗೆ ಅವನೇ ಜಾಗ ಕಂಡುಹಿಡಿದ. ಯಂತ್ರದ ಚೌಕಟ್ಟಿನೊಳಗೆ ಹಾಳೆ ಸಿಕ್ಕಿಕೊಳ್ಳುವ ಅಂಚಿನಲ್ಲಿ ಅಚ್ಚು ಹಾಕಿದರೆ ಆಡುವಾಗ ಕಾಣುವುದಿಲ್ಲ, ಹೊರಗೆ ತೆಗೆದರೆ ತಪ್ಪದೆ ಕಾಣುತ್ತದೆ.

ಕಳಿಸುವ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಹಾಳೆಯನ್ನು ಸುರುಳಿ ಸುತ್ತಬೇಡಿ, ಮತ್ತೆ ಚಪ್ಪಟೆಯಾಗದು. ಎರಡು ಗಟ್ಟಿ ರಟ್ಟಿನ ನಡುವೆ, ಮೇಲೊಂದು ತೆಳು ಕಾಗದವಿಟ್ಟು ಕಟ್ಟಿ. ಮಾರಾಟಕ್ಕೆಂದು ಹೊರದೇಶಕ್ಕೆ ಕಳಿಸಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ಮಿಕ್ಕ ಕಾಗದಪತ್ರಕ್ಕೆ ನೆರವಾಗುತ್ತಾರೆ. ಹಣ ಬ್ಯಾಂಕಿನ ಮೂಲಕವೇ ಬರಲಿ, ಯಾತಕ್ಕೆ ಬಂದ ಹಣವೆಂದು ಸರಿಯಾಗಿ ಬರೆಸಿ. ಅಮೆರಿಕ 800 ಡಾಲರ್‌ವರೆಗಿನ ಸಣ್ಣ ಪಾರ್ಸೆಲ್ಲುಗಳಿಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ ಕೊನೆಯಲ್ಲಿ ತೆಗೆದುಹಾಕಿತು. ಆದ್ದರಿಂದ ಆ ದೇಶದ ಗಿರಾಕಿಗೆ ಬೆಲೆ ಹೇಳುವ ಮೊದಲು ಸುಂಕ ಯಾರು ಕಟ್ಟುವುದೆಂದು ಕಾಗದದಲ್ಲಿ ತೀರ್ಮಾನಿಸಿಕೊಳ್ಳಿ.