ರನ್‌ವೇ ಬಿಟ್ಟುಕೊಟ್ಟ ರೇಸ್ ಟ್ರ್ಯಾಕ್

1983ರ ಜುಲೈ 23. ಕೆನಡಾದ ಗಿಮ್ಲಿ ಅನ್ನೋ ಊರು. ಅಲ್ಲಿ ವಾಯುಪಡೆಯ ಹಳೇ ನೆಲೆಯೊಂದಿತ್ತು. ಪಡೆ ಖಾಲಿ ಮಾಡಿಕೊಂಡು ಹೋದ ಮೇಲೆ ಅದರ ಒಂದು ರನ್‌ವೇ ಕಾರ್ ರೇಸಿನವರ ಪಾಲಾಗಿತ್ತು. ಅವತ್ತು ವಿನ್ನಿಪೆಗ್‌ನ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರು ಸಂಸಾರ ಸಮೇತ ಬಂದಿದ್ದರು. ಹುಡುಗರು ರನ್‌ವೇ ಮೇಲೆ ಸೈಕಲ್ ಹೊಡೆಯುತ್ತಿದ್ದರು. ಆಗ ಎಂಜಿನ್ ಸದ್ದೇ ಇಲ್ಲದೆ ಒಂದು ಬೋಯಿಂಗ್ 767 ಅವರ ಎದುರಿಗೇ ಇಳಿದು ಬಂತು.

ಕಿಲೋ ಲೆಕ್ಕದಲ್ಲಿ ತುಂಬಬೇಕಿದ್ದ ಇಂಧನವನ್ನು ಪೌಂಡ್ ಲೆಕ್ಕದಲ್ಲಿ ತುಂಬಿದ್ದರು. ಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. 41 ಸಾವಿರ ಅಡಿ ಎತ್ತರದಲ್ಲಿ ಟ್ಯಾಂಕ್ ಖಾಲಿ! ಸಹಪೈಲಟ್ ಹಿಂದೆ ಗಿಮ್ಲಿಯಲ್ಲಿ ಕೆಲಸ ಮಾಡಿದ್ದವರು, ಆ ರನ್‌ವೇ ಅವರಿಗೆ ನೆನಪಿತ್ತು. ಅದು ರೇಸ್ ಟ್ರ್ಯಾಕ್ ಆಗಿದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಮೂತಿಯ ಚಕ್ರ ಮಡಚಿಕೊಂಡಿತು. ರೇಸಿಗೆಂದು ರನ್‌ವೇ ನಡುವೆ ಹಾಕಿದ್ದ ಕಬ್ಬಿಣದ ತಡೆಬೇಲಿಗೆ ಉಜ್ಜಿಕೊಂಡೇ ವಿಮಾನ ನಿಂತಿತು. ಒಳಗಿದ್ದ 69 ಜನ ಬದುಕಿದರು, ನೆಲದ ಮೇಲಿದ್ದವರಿಗೂ ಏನೂ ಆಗಲಿಲ್ಲ.

ಎಂಜಿನಿಯರಿಂಗ್ ಓದುವಾಗ ನಮ್ಮ ಮೇಷ್ಟ್ರು ಈ ಕತೆ ಹೇಳಿದ್ದು 'ಯೂನಿಟ್ ತಪ್ಪಿದರೆ ಏನಾಗುತ್ತೆ' ಅಂತ ಹೆದರಿಸೋದಕ್ಕೆ. ನನ್ನ ತಲೆಯಲ್ಲಿ ಉಳಿದದ್ದು ಬೇರೆ. ವಿಮಾನ ಇಳಿಯೋ ಜಾಗದಲ್ಲಿ ಕಾರ್ ರೇಸ್ ಯಾಕೆ ಇಟ್ಟುಕೊಂಡರು?

ಉತ್ತರ ಸರಳ. ಎರಡನೇ ಮಹಾಯುದ್ಧ ಮುಗಿದಾಗ ದೇಶದೇಶಗಳಲ್ಲಿ ರನ್‌ವೇಗಳು ಕೆಲಸವಿಲ್ಲದೆ ಬಿದ್ದಿದ್ದವು. ಅಗಲ, ನೇರ, ಗಟ್ಟಿ, ಮೇಲಾಗಿ ಪುಕ್ಕಟೆ. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಬಾಂಬರ್ ವಿಮಾನಗಳ ನೆಲೆಯಾಗಿತ್ತು. ನಮ್ಮ ಪಕ್ಕದ ಮದ್ರಾಸಿನ ಶೋಲಾವರಂ ಕೂಡ ಯುದ್ಧಕಾಲದ ಏರ್‌ಸ್ಟ್ರಿಪ್ಪೇ. ವಿಜಯ್ ಮಲ್ಯ ಕಾರ್ ಓಡಿಸಿದ್ದು ಅಲ್ಲೇ. ಕೊನೆಗೆ ಮದ್ರಾಸಿನವರು ಇರುಂಗಾಟ್ಟುಕೋಟ್ಟೈಯಲ್ಲಿ ತಮ್ಮದೇ ಟ್ರ್ಯಾಕ್ ಕಟ್ಟಿಕೊಂಡು ಹೊರಟರು.

ಎಲ್ಲರೂ ಹಾಗೆ ಹೊರಡೋಕಾಗಲ್ಲ. ಅಮೆರಿಕದ ಫ್ಲೋರಿಡಾದ ಸೀಬ್ರಿಂಗ್ ನೋಡಿ. ಯುದ್ಧಕಾಲದಲ್ಲಿ ಅಲ್ಲಿ ಬಿ-17 ಬಾಂಬರ್ ಸಿಬ್ಬಂದಿಗೆ ತರಬೇತಿ ಕೊಡುತ್ತಿದ್ದರು. 1950ರ ಡಿಸೆಂಬರ್ 31ಕ್ಕೆ ಮೊದಲ ರೇಸ್, 1952ರಲ್ಲಿ ಮೊದಲ 12 ಗಂಟೆಗಳ ಸ್ಪರ್ಧೆ. ಅಮೆರಿಕದ ಮೊದಲ ಫಾರ್ಮುಲಾ ಒನ್ ಗ್ರ್ಯಾಂಡ್ ಪ್ರಿ ನಡೆದದ್ದೂ 1959ರಲ್ಲಿ ಇಲ್ಲೇ. 22 ವರ್ಷದ ಬ್ರೂಸ್ ಮೆಕ್‌ಲಾರೆನ್ ಗೆದ್ದ. ಪೆಟ್ರೋಲ್ ಮುಗಿದ ಜಾಕ್ ಬ್ರಾಬಮ್ ಕಾರನ್ನು ತಳ್ಳಿಕೊಂಡೇ ಬಂದು ನಾಲ್ಕನೆಯವನಾದ, ಆ ವರ್ಷದ ವಿಶ್ವ ಚಾಂಪಿಯನ್ನೂ ಆದ. ಇಂಧನ ಖಾಲಿಯಾಗೋ ಕತೆ ಈ ಲೇಖನವನ್ನು ಬಿಡೋ ಹಾಗೆ ಕಾಣಲ್ಲ, ಇರಲಿ.

ಆಗಿನ ಟ್ರ್ಯಾಕ್ 8.4 ಕಿಲೋಮೀಟರ್. ರನ್‌ವೇ ಮೇಲೆ ದಾರಿ ತೋರಿಸೋಕೆ ಇದ್ದದ್ದು ಕೋನು, ಹುಲ್ಲಿನ ಪೆಂಡಿ. ಅಷ್ಟು ಅಗಲದ ಕಾಂಕ್ರೀಟ್ ಬಯಲಲ್ಲಿ ರಾತ್ರಿ ಹೊತ್ತು ದಾರಿ ತಪ್ಪಿ ಅಲೆದಾಡಿದ ಚಾಲಕರೂ ಇದ್ದಾರೆ. 1966ರಲ್ಲಿ ಒಬ್ಬ ಚಾಲಕ, ನಾಲ್ವರು ಪ್ರೇಕ್ಷಕರು ಸತ್ತ ಮೇಲೆ ಟ್ರ್ಯಾಕ್ ಸ್ವಲ್ಪ ಬದಲಾಯಿತು. ಅದು ಸುರಕ್ಷತೆಯ ಕಾರಣಕ್ಕೆ. ನಾನು ಹೇಳಹೊರಟಿರೋ ಬದಲಾವಣೆ ಬೇರೆ.

ಸೀಬ್ರಿಂಗ್ ವಿಮಾನ ನಿಲ್ದಾಣ ಸತ್ತಿರಲಿಲ್ಲ. ಊರಿಗೆ ವಿಮಾನವೂ ಬೇಕು, ರೇಸೂ ಬೇಕು. ಆದರೆ ರೇಸಿನ ಪಾಲಾದ ರನ್‌ವೇಯಲ್ಲಿ ಆ ಹೊತ್ತಿಗೆ ವಿಮಾನ ಇಳಿಯೋ ಹಾಗಿಲ್ಲ. ಹಾಗಾದರೆ ನಡುವೆ ಒಂದು ಗೋಡೆ ಎಬ್ಬಿಸಿ, ಈ ಕಡೆ ಕಾರು ಆ ಕಡೆ ವಿಮಾನ ಬಿಟ್ಟರೆ ಸಾಕಲ್ಲ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಸಾಕಾಗಲ್ಲ. ಯಾಕೆ ಗೊತ್ತಾ?

ಒಂದು ಎತ್ತರದ ಲೆಕ್ಕ. ಬೆಂಗಳೂರಿನಲ್ಲಿ ವಿಮಾನ ನಿಲ್ದಾಣದ ಹತ್ತಿರ ಅಪಾರ್ಟ್‌ಮೆಂಟ್ ಕಟ್ಟುವವರು ಎನ್‌ಒಸಿಗೆ ಅಲೆಯೋದು ಇದಕ್ಕೇ. ರನ್‌ವೇ ಸುತ್ತ ಕಣ್ಣಿಗೆ ಕಾಣದ ಒಂದು ಬೋಗುಣಿ ಇದೆ ಅಂದ್ಕೊಳ್ಳಿ. ಅದರ ತಳದಲ್ಲಿ ರನ್‌ವೇ, ಆಚೀಚೆ ಕಾದಿಟ್ಟ ಒಂದು ಪಟ್ಟಿ. ಅಮೆರಿಕದ ನಿಯಮದ ಪ್ರಕಾರ ಆ ಪಟ್ಟಿಯ ಅಂಚಿನಿಂದ ಪಕ್ಕಕ್ಕೆ 7 ಮೀಟರ್ ಸರಿದರೆ 1 ಮೀಟರ್ ಎತ್ತರಕ್ಕೆ ಅವಕಾಶ. 10 ಮೀಟರ್ ಎತ್ತರದ ಗ್ಯಾಲರಿ ಕಟ್ಟಬೇಕಾದರೆ ಅಂಚಿನಿಂದ 70 ಮೀಟರ್ ಆಚೆ ಹೋಗಬೇಕು. ವಿಮಾನ ಇಳಿದು ಬರೋ ದಿಕ್ಕಿನಲ್ಲಂತೂ ಇನ್ನೂ ಬಿಗಿ. ಸಣ್ಣ ರನ್‌ವೇಗೇ 20 ಮೀಟರಿಗೆ 1 ಮೀಟರ್, ದೊಡ್ಡದಕ್ಕೆ 50ಕ್ಕೆ 1. ದೀಪದ ಕಂಬ, ಜಾಹೀರಾತಿನ ಸೇತುವೆ, ನಮ್ಮಂಥವರ ಕ್ಯಾಮೆರಾ ಕ್ರೇನ್ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ.

ಇನ್ನೊಂದು ಜಗಳ ನನಗೆ ತುಂಬಾ ಇಷ್ಟ. ರನ್‌ವೇ ಅಂಚಿನಲ್ಲಿ ಇರಲೇಬೇಕಾದ ದೀಪ, ಫಲಕ ಇತ್ಯಾದಿ ವಿಮಾನ ತಾಗಿದ ಕೂಡಲೇ ಮುರಿದು ಬೀಳಬೇಕು ಅನ್ನುತ್ತೆ ವಿಮಾನ ನಿಲ್ದಾಣದ ನಿಯಮ. ರೇಸ್ ಟ್ರ್ಯಾಕಿನ ತಡೆಗೋಡೆ ಏನಾದರೂ ಮುರಿಯಬಾರದು, ಮುರಿದರೆ ಹಿಂದೆ ನಿಂತ ಜನ ಸಾಯ್ತಾರೆ. ಇಬ್ಬರ ಮಾತೂ ಸರಿ. ಇಬ್ಬರನ್ನೂ ಒಂದೇ ಜಾಗದಲ್ಲಿ ನಿಲ್ಲಿಸೋಕಾಗಲ್ಲ ಅಷ್ಟೆ.

ಕಸದ ವಿಷಯವೂ ಇದೆ. ಒಂದು ರೇಸ್ ಮುಗಿದರೆ ಟ್ರ್ಯಾಕ್ ತುಂಬಾ ರಬ್ಬರ್ ಚೂರು, ನಟ್ಟು, ಬಾಡಿಯ ತುಂಡು. 2000ದಲ್ಲಿ ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ಉರಿದುಬಿದ್ದು 113 ಜನ ಸತ್ತದ್ದಕ್ಕೆ ಮೂಲ, ಬೇರೊಂದು ವಿಮಾನದಿಂದ ರನ್‌ವೇ ಮೇಲೆ ಕಳಚಿಬಿದ್ದಿದ್ದ ಒಂದು ಲೋಹದ ಪಟ್ಟಿ. ಅರ್ಧ ಮೀಟರ್ ಉದ್ದವೂ ಇರಲಿಲ್ಲ.

ಹಾಗಾಗಿ ಗೋಡೆ ಸಾಲದು, ಟ್ರ್ಯಾಕಿನ ನಕ್ಷೆಯೇ ಬದಲಾಗಬೇಕು. ಹಿಡಿತ ತಪ್ಪಿದ ಕಾರು ತಿರುವಿನ ಜೊತೆ ತಿರುಗಲ್ಲ, ಬಂದ ದಿಕ್ಕಿಗೇ ನುಗ್ಗುತ್ತೆ. ಆದ್ದರಿಂದ ಟ್ರ್ಯಾಕ್ ರನ್‌ವೇಗೆ ಸಮಾನಾಂತರವಾಗಿ ಓಡಬಹುದು, ಅದರ ಕಡೆ ಮೂತಿ ಮಾಡಿ ನಿಲ್ಲಬಾರದು. ವೇಗ ಎರಡು ಪಟ್ಟಾದರೆ ಬ್ರೇಕಿಗೆ ಬೇಕಾದ ದೂರ ಸುಮಾರು ನಾಲ್ಕು ಪಟ್ಟಾಗುತ್ತೆ. ಅಷ್ಟು ಜಾಗ ಇಲ್ಲದಿದ್ದರೆ ನೇರ ದಾರಿಯನ್ನೇ ಕತ್ತರಿಸಿ ಮೊದಲೇ ತಿರುಗಿಸಬೇಕು.

ಸೀಬ್ರಿಂಗ್‌ನವರು ಕತ್ತರಿಸಿದ್ದು ಒಂದೇ ಸಲಕ್ಕಲ್ಲ. ಗಿಮ್ಲಿ ಘಟನೆ ನಡೆದ 1983ರಲ್ಲೇ ಒಂದು ರನ್‌ವೇ ಬಿಟ್ಟುಕೊಟ್ಟರು. ಎರಡಕ್ಕೂ ಸಂಬಂಧ ಇಲ್ಲ, ವರ್ಷ ಮಾತ್ರ ಒಂದೇ. ಟ್ರ್ಯಾಕ್ 7.8 ಕಿಲೋಮೀಟರಿಗೆ ಇಳಿಯಿತು. 1987ರಲ್ಲಿ ಇನ್ನೊಂದು ರನ್‌ವೇ ಬಿಟ್ಟರು, 6.6 ಆಯಿತು. 1991ರಲ್ಲಿ ವಿಮಾನ ನಿಲ್ದಾಣ ಬೆಳೆಯಬೇಕು ಅಂದಾಗ ಮತ್ತೊಮ್ಮೆ ಕತ್ತರಿ. ಆಮೇಲೆ ರೇಸ್ ನಡೆಯುವಾಗಲೂ ನಿಲ್ದಾಣದ ಕೆಲಸ ನಿಲ್ಲಿಸಬೇಕಾಗಿಲ್ಲ. ಈಗಿನ ಉದ್ದ 6 ಕಿಲೋಮೀಟರ್, 17 ತಿರುವು. ನಲವತ್ತು ವರ್ಷಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ದಾರಿ ಹೋಯಿತು.

ಹಳೇ ಅಭಿಮಾನಿಗಳು ಗೊಣಗೋದು ಇದೆ. ನನ್ನ ಪ್ರಕಾರ ರೇಸಿನವರು ಸೋಲಲಿಲ್ಲ. ಹಟ ಹಿಡಿದಿದ್ದರೆ ಎರಡರಲ್ಲಿ ಒಂದು ಮುಚ್ಚುತ್ತಿತ್ತು, ಮುಚ್ಚುವುದು ಯಾವುದು ಅಂತ ಊಹಿಸೋದು ಕಷ್ಟವಲ್ಲ. ಮತ್ತೆ, ಅವರು ಎಲ್ಲವನ್ನೂ ಬಿಟ್ಟುಕೊಡಲಿಲ್ಲ. ಕೊನೆಯ ಉದ್ದನೆಯ ನೇರ ದಾರಿ, ಸ್ಪರ್ಧೆ ಶುರು ಮಾಡಿದ ಅಲೆಕ್ ಉಲ್ಮಾನ್ ಹೆಸರಿನದು, ಇವತ್ತಿಗೂ ಹಳೇ ರನ್‌ವೇಯ ಕಾಂಕ್ರೀಟೇ. ಚಪ್ಪಡಿಗಳ ನಡುವಿನ ಸಂದು ಹಾಗೇ ಇದೆ. ಕಾರಿನ ತಳ ಅದಕ್ಕೆ ಬಡಿದು ರಾತ್ರಿ ಕಿಡಿ ಹಾರುತ್ತೆ. ಅದನ್ನು ನುಣುಪು ಮಾಡಿ ಅಂತ ಹೇಳೋಕೆ ಹೋಗಬೇಡಿ. ಇಲ್ಲಿ 12 ಗಂಟೆ ತಾಳಿದ ಕಾರು ಎಲ್ಲಿ ಬೇಕಾದರೂ ತಾಳುತ್ತೆ ಅಂತ, ಲೆ ಮಾನ್‌ನ 24 ಗಂಟೆಗಳ ಸ್ಪರ್ಧೆಗೆ ಹೊರಟ ತಂಡಗಳು ಪರೀಕ್ಷೆಗೆ ಬರೋದು ಇದೇ ಕುಲುಕಾಟಕ್ಕೆ.