ಕ್ಯಾಪ್ಟನ್ ರೆಡ್‌ಬಿಯರ್ಡ್‌ನ ಸೋಲಿಸೋದು ಹೆಂಗ?

ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದಿಂದ ಒಂದು ಗೇಮ್ ಸ್ಪರ್ಧೆ ಇಟ್ಟಿದ್ದೇವೆ. ಆಟ: ಲೆಗೊ ರೇಸರ್ಸ್. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆಯವರು ಹೆಸರು ಕೊಟ್ಟಿದ್ದಾರೆ. ನಿಯಮ ಒಂದೇ. ಮೊದಲನೇ ಸರ್ಕ್ಯೂಟ್‌ನಲ್ಲಿ ಕ್ಯಾಪ್ಟನ್ ರೆಡ್‌ಬಿಯರ್ಡ್‌ನನ್ನು ಹಿಂದೆ ಹಾಕಿ ಮೊದಲ ಸ್ಥಾನ ಬಂದವರಿಗೆ ಮಾತ್ರ ಎರಡನೇ ಹಂತದ ಗಾಡಿ ಕಟ್ಟುವ ಸ್ಪರ್ಧೆಗೆ ಪ್ರವೇಶ. ಪ್ರಾಕ್ಟೀಸ್‌ನಲ್ಲಿ ಬಹಳ ಮಂದಿ ಇಲ್ಲೇ ಸಿಕ್ಕಿಬಿದ್ದಿದ್ದಾರೆ. ಸೋತ ಕೂಡಲೇ ಗಾಡಿ ಬಿಚ್ಚೋದು, ಮತ್ತೆ ಕಟ್ಟೋದು, ಮತ್ತೆ ಸೋಲೋದು. ತಪ್ಪು ಗಾಡಿಯಲ್ಲಿ ಇಲ್ಲ, ಲೆಕ್ಕದಲ್ಲಿದೆ ಅಂತ ಹೇಳೋಕೆ ಈ ಲೇಖನ.

ಆಟದ ಪರಿಚಯ

ಇದು 1999ರ ಗೇಮ್. ಮಾಡಿದ್ದು ಅಮೆರಿಕದ ಹೈ ವೋಲ್ಟೇಜ್ ಸಾಫ್ಟ್‌ವೇರ್ ಕಂಪನಿ. ಹಳೇ ಕಂಪ್ಯೂಟರ್‌ಗೂ ಭಾರ ಆಗಲ್ಲ. ಹೊಸ ವಿಂಡೋಸ್‌ನಲ್ಲೇ ಕೆಲವೊಮ್ಮೆ ತಕರಾರು ಮಾಡ್ತದೆ. ಕಥೆ ಸಣ್ಣದು. ರಾಕೆಟ್ ರೇಸರ್ ಅನ್ನೋ ಚಾಂಪಿಯನ್‌ಗೆ ಸರಿಸಾಟಿ ಯಾರೂ ಇಲ್ಲ. ಹಾಗಾಗಿ ಬೇರೆ ಬೇರೆ ಕಾಲದ ರೇಸರ್‌ಗಳನ್ನೆಲ್ಲ ಸೇರಿಸಿ ಸ್ಪರ್ಧೆ ಇಡ್ತಾನೆ. ಅವನ ಹತ್ತಿರ ಹೋಗೋಕೆ ಮೊದಲು ಆರು ಸರ್ಕ್ಯೂಟ್ ದಾಟಬೇಕು. ಒಂದೊಂದಕ್ಕೂ ಒಬ್ಬೊಬ್ಬ ಬಾಸ್. ಮೊದಲನೆಯವನೇ ಕಡಲ್ಗಳ್ಳ ರೆಡ್‌ಬಿಯರ್ಡ್.

ಒಂದು ಸರ್ಕ್ಯೂಟ್ ಅಂದ್ರೆ ನಾಲ್ಕು ರೇಸ್. ರೆಡ್‌ಬಿಯರ್ಡ್‌ನ ನಾಲ್ಕು ಟ್ರ್ಯಾಕ್ ಇವು: ಇಂಪೀರಿಯಲ್ ಗ್ರ್ಯಾಂಡ್ ಪ್ರಿ, ಡಾರ್ಕ್ ಫಾರೆಸ್ಟ್ ಡ್ಯಾಶ್, ಮ್ಯಾಗ್ಮಾ ಮೂನ್ ಮ್ಯಾರಥಾನ್, ಡೆಸರ್ಟ್ ಅಡ್ವೆಂಚರ್ ಡ್ರ್ಯಾಗ್‌ವೇ. ಪ್ರತಿ ರೇಸ್‌ಗೂ ಮೂರು ಸುತ್ತು. ಬಂದ ಸ್ಥಾನಕ್ಕೆ ತಕ್ಕಂತೆ ಅಂಕ. ನಾಲ್ಕರ ಮೊತ್ತ ಯಾರದು ಹೆಚ್ಚೋ ಅವರು ಗೆದ್ದಂಗೆ. ಮೊದಲ ಮೂರರೊಳಗೆ ಬಂದ್ರೆ ಮುಂದಿನ ಸರ್ಕ್ಯೂಟ್ ತೆರೀತದೆ. ಮೊದಲನೇ ಸ್ಥಾನ ಬಂದ್ರೆ ಬಾಸ್‌ನ ಗಾಡಿಯ ಭಾಗಗಳೂ ನಮಗೆ ಸಿಗ್ತವೆ. ಗಾಡಿ ಕಟ್ಟುವ ಸ್ಪರ್ಧೆಗೆ ಆ ಭಾಗಗಳು ಬೇಕು. ಅದಕ್ಕೇ ನಮ್ಮ ನಿಯಮ ಹಾಗಿದೆ.

ರಸ್ತೆ ಮೇಲಿನ ಇಟ್ಟಿಗೆಗಳು

ಗಾಡಿಗೆ ಜೋಡಿಸೋ ಇಟ್ಟಿಗೆ ಬೇರೆ, ರಸ್ತೆಯಲ್ಲಿ ಸಿಗೋ ಇಟ್ಟಿಗೆ ಬೇರೆ. ರೇಸ್ ಗೆಲ್ಲಿಸೋದು ಎರಡನೆಯದು.

ಕೆಂಪು: ಮುಂದಿನವರ ಮೇಲೆ ಹೊಡೆಯೋಕೆ.
ಹಳದಿ: ಹಿಂದೆ ಬರೋರಿಗೆ ಅಡ್ಡಿ ಬಿಟ್ಟು ಹೋಗೋಕೆ.
ನೀಲಿ: ನಮ್ಮ ರಕ್ಷಣೆಗೆ.
ಹಸಿರು: ವೇಗಕ್ಕೆ.
ಬಿಳಿ: ತಾನೇ ಏನೂ ಮಾಡಲ್ಲ. ಆದ್ರೆ ಕೈಯಲ್ಲಿರೋ ಬಣ್ಣದ ಬಲ ಹೆಚ್ಚಿಸ್ತದೆ. ಹೆಚ್ಚೆಂದರೆ ಮೂರು ಕೂಡಿಸಬಹುದು.

ಎಲ್ಲರೂ ಮಾಡೋದೇನು? ಹಸಿರು ಸಿಕ್ಕ ಕೂಡಲೇ ಒತ್ತಿಬಿಡೋದು. ಬರೀ ಹಸಿರಿನಿಂದ ಬರೋದು ಒಂದು ಸಣ್ಣ ಓಟ, ಅಷ್ಟೇ. ಅದೇ ಹಸಿರಿಗೆ ಮೂರು ಬಿಳಿ ಸೇರಿದ್ರೆ ಗಾಡಿ ಒಂದು ಸುರಂಗದಂಥ ದಾರಿ ಹೊಕ್ಕು ಟ್ರ್ಯಾಕ್‌ನಲ್ಲಿ ಬಹಳ ಮುಂದೆ ಹೋಗಿ ಬೀಳ್ತದೆ. ಬಳಸಿದ ಕೂಡಲೇ ಬಿಳಿಗಳೂ ಖಾಲಿ. ಹತ್ತಿ ಮಾರುವವರಿಗೆ ಇದು ಹೊಸದಲ್ಲ: ಕೈಗೆ ಬಂದ ದಿನವೇ ಮಾರೋದಾ, ರೇಟು ಬರೋ ತನಕ ಕಾಯೋದಾ? ಇಲ್ಲಿ ಮಾತ್ರ ಕಾಯೋದೇ ಲಾಭ.

ಮುಖ್ಯವಾದ ಮಾತು: ಬಣ್ಣ ಬದಲಾದರೂ ಬಿಳಿ ಹೋಗಲ್ಲ. ಕೆಂಪು ಇಟ್ಟುಕೊಂಡು ಮೂರು ಬಿಳಿ ಕೂಡಿಸಿ, ಆಮೇಲೆ ಹಸಿರಿನ ಮೇಲೆ ಹಾಯ್ದರೂ ನಡೀತದೆ. ಇಟ್ಟಿಗೆಗಳ ಜಾಗ ಬದಲಾಗಲ್ಲ, ಆದ್ದರಿಂದ ಬಾಯಿಪಾಠ ಮಾಡಬಹುದು. ಮೊದಲ ಸುತ್ತು ಬಿಳಿಗೆ, ಎರಡನೇ ಸುತ್ತಿನಲ್ಲಿ ಹಸಿರು, ಆಮೇಲೆ ಮತ್ತೆ ಬಿಳಿ. ಮೊದಲ ಸುತ್ತಿನಲ್ಲಿ ನಾಲ್ಕನೆಯವರಾಗಿದ್ದರೂ ಗಾಬರಿ ಬೇಡ.

ತಿರುವಿನ ಲೆಕ್ಕ

ತಿರುವಿನಲ್ಲಿ ಜಾರದೆ ಹೋಗಬಹುದಾದ ವೇಗ ತ್ರಿಜ್ಯದ ವರ್ಗಮೂಲಕ್ಕೆ ತಕ್ಕಂತೆ ಇರ್ತದೆ. ಇದು ಫಸ್ಟ್ ಇಯರ್ ಪಾಠವೇ. ತ್ರಿಜ್ಯ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು. ಆದ್ದರಿಂದ ಹೊರಗಿನ ಅಂಚಿನಿಂದ ಹೊಕ್ಕು, ನಡುವೆ ಒಳ ಅಂಚು ಮುಟ್ಟಿ, ಮತ್ತೆ ಹೊರಗೆ ಬನ್ನಿ. ಸುರಪುರದ ಗುಡ್ಡದ ತಿರುವುಗಳಲ್ಲಿ ಇದನ್ನು ಮಾಡಬೇಡ್ರಿ, ಎದುರಿಗೆ ಬಸ್ ಬರ್ತದೆ! ಟ್ರ್ಯಾಕ್ ಒನ್ ವೇ, ಅಲ್ಲಿ ಚಿಂತೆ ಇಲ್ಲ. ತೀರಾ ಕಡಿದಾದ ತಿರುವಿಗೆ ಪವರ್ ಸ್ಲೈಡ್ ಬಟನ್ ಇದೆ. ತಿರುವು ಬರೋಕೆ ಸ್ವಲ್ಪ ಮೊದಲೇ ಒತ್ತಿ, ಮೂತಿ ನೇರ ಆದ ಕೂಡಲೇ ಬಿಡಿ.

ಒಬ್ಬನ ಮೇಲೆ ಕಣ್ಣು

ಮೊತ್ತದ ಆಟದಲ್ಲಿ ಎಲ್ಲರೂ ವೈರಿಗಳಲ್ಲ. ಮೊದಲ ರೇಸ್‌ನಲ್ಲಿ ರೆಡ್‌ಬಿಯರ್ಡ್ ಗೆದ್ದು ನೀವು ಎರಡನೆಯವರಾದರೆ ಏನೂ ಮುಳುಗಿಲ್ಲ; ಇನ್ನೂ ಮೂರು ರೇಸ್ ಇವೆ. ಅವನು ಮುಂದಿದ್ದು ಕಣ್ಣಿಗೆ ಬಿದ್ದಾಗ ಮಾತ್ರ ಕೆಂಪು ಬಳಸಿ. ಅವನು ಹಿಂದಿದ್ದರೆ ನೀಲಿ ಇಟ್ಟುಕೊಳ್ಳಿ. ಅವನನ್ನು ಒಂದು ರೇಸ್‌ನಲ್ಲಿ ಮೂರನೆಯ, ನಾಲ್ಕನೆಯ ಸ್ಥಾನಕ್ಕೆ ತಳ್ಳಿದ್ರೆ ಅವನು ಕಳೆದುಕೊಂಡ ಅಂಕ ನಿಮ್ಮ ಗೆಲುವಿಗೆ ಸೇರಿದಂಗೇ. ಪ್ರತಿ ರೇಸ್ ಮುಗಿದ ಮೇಲೆ ಅಂಕಪಟ್ಟಿ ನೋಡಿ, ಬರೀ ಅವನದು ಮತ್ತು ನಿಮ್ಮದು.

ಹಾಗಾದ್ರೆ ಗಾಡಿ?

ಈ ಹಂತಕ್ಕೆ ತಗ್ಗಾಗಿ, ಸರಳವಾಗಿ ಕಟ್ಟಿದ್ದು ಸಾಕು. ಕಟ್ಟುವ ಸ್ಪರ್ಧೆಯಲ್ಲಿ ಮಾತ್ರ ನಿಜವಾದ ಗಾಡಿಯ ನಿಯಮ ನೋಡ್ತೇವೆ. ಹತ್ತಿ ಹೇರಿದ ಟ್ರ್ಯಾಕ್ಟರ್ ಶಹಾಪುರ ರಸ್ತೆಯಲ್ಲಿ ತಿರುಗೋವಾಗ ವಾಲೋದು ಎಲ್ಲರೂ ನೋಡಿದ್ದೇವೆ. ಎರಡು ಗಾಲಿಗಳ ನಡುವೆ 120 ಸೆಂ.ಮೀ. ಇದ್ದು ಗುರುತ್ವ ಕೇಂದ್ರ 60 ಸೆಂ.ಮೀ. ಎತ್ತರದಲ್ಲಿದ್ದರೆ, ಪಕ್ಕಕ್ಕೆ ಗುರುತ್ವದಷ್ಟೇ ಎಳೆತ ಬಂದಾಗ ಗಾಡಿ ಮಗುಚ್ತದೆ. ಎತ್ತರ 120 ಆದ್ರೆ ಅದರ ಅರ್ಧಕ್ಕೇ ಮಗುಚ್ತದೆ; ತಿರುವಿನ ವೇಗ ಸುಮಾರು 30% ಇಳೀತದೆ. ಆದ್ದರಿಂದ ಅಗಲ ಇರಲಿ, ತಗ್ಗು ಇರಲಿ.

ಇನ್ನು ಅಭ್ಯಾಸ ಶುರು ಮಾಡ್ರಿ. ದಿನಕ್ಕೆ ಒಂದೇ ಟ್ರ್ಯಾಕ್ ತಗೊಂಡು ಬಿಳಿ ಇಟ್ಟಿಗೆಗಳ ಜಾಗವನ್ನು ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಳ್ಳಿ. ನಾಲ್ಕು ದಿನಕ್ಕೆ ನಾಲ್ಕು ನಕ್ಷೆ ಆಗ್ತವೆ. ಐದನೇ ದಿನ ಕ್ಯಾಪ್ಟನ್‌ನ ಕರೀರಿ.