ಉಣುಗಿನ ಜ್ವರವೂ ಪ್ರಕಟನೆಯ ಭಾಷೆಯೂ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಅದೇ ಕಾಲಕ್ಕೆ ಸುತ್ತಲಿನ ಹಳ್ಳಿಗಳ ಜನರು ವಿಷಮವಾದ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ಪಂಡಿತರು ರೋಗಾಣುವನ್ನು ಕಂಡುಹಿಡಿದರು. ರೋಗಕ್ಕೆ ಆ ಕಾಡಿನ ಹೆಸರೇ ನಿಂತಿತು. ಜನರಾದರೋ ತಾವು ಕಣ್ಣಾರೆ ಕಂಡುದನ್ನು ಹಿಡಿದು 'ಮಂಗನ ಕಾಯಿಲೆ'ಯೆಂದು ಕರೆದರು. ಅವರನ್ನು ದೂರುವಂತಿಲ್ಲ. ಆದರೆ ಅರುವತ್ತಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆಯೂ ಅಧಿಕಾರಿಗಳ ಬಾಯಲ್ಲಿಯೂ ಪ್ರಕಟನೆಗಳಲ್ಲಿಯೂ ಅದೇ ಹೆಸರು ನಡೆದುಬರುತ್ತಿರುವುದನ್ನು ಕುರಿತು ನಾವು ನಾಲ್ಕು ಮಾತುಗಳನ್ನು ಹೇಳಬೇಕಾಗಿದೆ.

ಈ ಜ್ವರವನ್ನು ಮನುಷ್ಯನಿಗೆ ಮುಖ್ಯವಾಗಿ ತರುವುದು ಮಂಗವಲ್ಲ, ಉಣುಗು. ಮಂಗವು ನಮ್ಮಂತೆಯೇ ಆ ಉಣುಗಿನಿಂದ ಕಚ್ಚಿಸಿಕೊಂಡು ಸಾಯುವ ಬಡಪ್ರಾಣಿಯು. ಅದು ಸತ್ತೊಡನೆ ಮೈಮೇಲಿನ ಉಣುಗುಗಳು ಕೆಳಗುದುರಿ ಆ ಸ್ಥಳದ ತರಗೆಲೆಗಳಲ್ಲಿ ಸೇರಿಕೊಳ್ಳುತ್ತವೆ. ಸೌದೆಗೋ ಸೊಪ್ಪಿಗೋ ದನ ಹುಡುಕುವುದಕ್ಕೋ ಅಲ್ಲಿ ಕಾಲಿಟ್ಟವನ ಮೈಗೆ ಅವು ಹತ್ತುತ್ತವೆ. 'ಮಂಗನ ಕಾಯಿಲೆ' ಎಂಬ ಹೆಸರನ್ನು ಕೇಳಿದವನು ಮರದ ಮೇಲೆ ನೋಡುವನು. ಅಪಾಯವು ಅವನ ಕಾಲಬುಡದಲ್ಲಿರುತ್ತದೆ. ಮಂಗವೇ ಕಾಣದಿದ್ದಲ್ಲಿ ಭಯವೇನೆಂದು ಆ ತರಗೆಲೆಗಳ ಮೇಲೆಯೇ ಕುಳಿತು ಬುತ್ತಿ ಬಿಚ್ಚಿದರೆ ಆಶ್ಚರ್ಯವೇನು? ರೋಗಕ್ಕೆ ಗುರಿಯಾದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಆದುದರಿಂದ ಇದು ಬರಿಯ ಶಬ್ದಚರ್ಚೆಯಲ್ಲ.

ಹೆಸರಿನ ಮಾತು ಹಾಗಿರಲಿ. ಪ್ರಕಟನೆಯ ಒಡಲಿನಲ್ಲಿ ಬರೆದಿರುವುದೇನು? "ರೋಗವಾಹಕ ಕೀಟಗಳ ಸಂಪರ್ಕವನ್ನು ತಡೆಗಟ್ಟುವ ಸಲುವಾಗಿ ಸಾರ್ವಜನಿಕರು ಸೂಕ್ತ ಮುನ್ನೆಚ್ಚರಿಕೆಯ ಕ್ರಮಗಳನ್ನು ಅನುಸರಿಸತಕ್ಕದ್ದು" ಎಂಬ ಧಾಟಿಯ ವಾಕ್ಯಗಳು ನಮ್ಮ ವಾಚಕರಿಗೆಲ್ಲ ಪರಿಚಿತವಾದುವೇ. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಾದ ನಮಗೆ ಸಂಸ್ಕೃತ ಪದಗಳ ಮೇಲೆ ದ್ವೇಷವಿಲ್ಲ. ಇಲ್ಲಿನ ದೋಷವು ಸಂಸ್ಕೃತದ್ದಲ್ಲ, 'ಸೂಕ್ತ' ಎಂಬ ಒಂದು ಶಬ್ದದ್ದು. ಯಾವುದು ಸೂಕ್ತವೆಂಬುದನ್ನು ಬರೆದವರು ಹೇಳಲಿಲ್ಲ, ಓದಿದವನು ಊಹಿಸಿಕೊಳ್ಳಬೇಕು. ಇಂತಹ ವಾಕ್ಯವು ಬರೆದವರ ಕಡತವನ್ನು ಕಾಪಾಡುತ್ತದೆಯೇ ಹೊರತು ಕಾಡಿಗೆ ಹೋಗುವವನನ್ನಲ್ಲ.

ಈ ವಿಷಯದಲ್ಲಿ ಬಂಗಾಲಿಗಳಿಂದ ನಾವು ಕಲಿಯತಕ್ಕುದು ಬಹಳವಿದೆ. 1971ರಲ್ಲಿ ಪೂರ್ವಬಂಗಾಲದಿಂದ ಓಡಿಬಂದ ನಿರಾಶ್ರಿತರ ಬೋನ್‌ಗಾಂವ್ ಶಿಬಿರದಲ್ಲಿ ಕಾಲರಾ ಬೇನೆಯು ಹಬ್ಬಿದಾಗ, ಡಾಕ್ಟರ್ ದಿಲೀಪ ಮಹಲನಬೀಸರು ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿ, ನೂರಕ್ಕೆ ಇಪ್ಪತ್ತು ಮೂವತ್ತರಷ್ಟಿದ್ದ ಮರಣವನ್ನು ನಾಲ್ಕಕ್ಕಿಂತ ಕೆಳಗಿಳಿಸಿದರು. ಮದ್ದು ಸಿದ್ಧವಾಯಿತು, ಅದನ್ನು ಓದುಬರಹವಿಲ್ಲದ ಕೋಟ್ಯಂತರ ತಾಯಂದಿರಿಗೆ ತಿಳಿಸುವುದು ಹೇಗೆ? ಬಾಂಗ್ಲಾದೇಶದ ಬ್ರ್ಯಾಕ್ ಎಂಬ ಸಂಸ್ಥೆಯವರು 1980ರಿಂದ 1990ರ ವರೆಗೆ ಸುಮಾರು 1 ಕೋಟಿ 20 ಲಕ್ಷ ಮನೆಗಳಿಗೆ ಹೆಣ್ಣುಮಕ್ಕಳನ್ನು ಕಳುಹಿಸಿ ಇದನ್ನು ಕಲಿಸಿದರು. ಅವರ ಪಾಠದಲ್ಲಿ ತಕ್ಕಡಿಯಿಲ್ಲ, ಚಮಚೆಯಿಲ್ಲ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಲಿಸುವವಳು ಮಾಡಿ ತೋರಿಸಿ ಎದ್ದು ಹೋಗುವಂತಿರಲಿಲ್ಲ. ತಾಯಿಯೇ ತನ್ನ ಕೈಯಿಂದ ಕಲಸಬೇಕು, ಹೇಳಿದುದನ್ನು ತಿರುಗಿ ಒಪ್ಪಿಸಬೇಕು.

ಸಂಬಳದ ಏರ್ಪಾಡಂತೂ ನಮ್ಮ ಖಾತೆಗಳವರು ಕಿವಿಗೊಟ್ಟು ಕೇಳತಕ್ಕದ್ದು. ಕೆಲವು ವಾರಗಳ ನಂತರ ಬೇರೊಬ್ಬರು ಅದೇ ಹಳ್ಳಿಗೆ ಹೋಗಿ ಕೆಲವು ಮನೆಗಳನ್ನು ಆರಿಸಿ ಪರೀಕ್ಷಿಸುವರು. ತಾಯಂದಿರ ನೆನಪಿನಲ್ಲಿ ಎಷ್ಟು ಉಳಿದಿದೆಯೋ, ಅವರು ಕಲಸಿದ ನೀರಿನಲ್ಲಿ ಉಪ್ಪು ಎಷ್ಟು ಸರಿಯಾಗಿದೆಯೋ, ಅದರಂತೆ ಕಲಿಸಿದವಳಿಗೆ ವೇತನ. ಎಷ್ಟು ಕರಪತ್ರಗಳನ್ನು ಹಂಚಿದಿರಿ ಎಂದು ಲೆಕ್ಕ ಕೇಳುವುದಕ್ಕೂ ಇದಕ್ಕೂ ಎಷ್ಟು ಅಂತರ!

ಇಷ್ಟಾದರೂ ಮೊದಮೊದಲು ಒಂದು ವಿಚಿತ್ರವು ಕಂಡುಬಂದಿತು. ತಾಯಂದಿರಿಗೆ ಪಾಠವು ಚೆನ್ನಾಗಿ ಬರುತ್ತಿತ್ತು, ಆದರೆ ಮಗುವಿಗೆ ಭೇದಿಯಾದಾಗ ಅವರು ಆ ನೀರನ್ನು ಕೊಡುತ್ತಿರಲಿಲ್ಲ. ಶೋಧಿಸಿದಾಗ ಕಾರಣವು ಶಬ್ದದಲ್ಲಿಯೇ ಅಡಗಿತ್ತು. ಕಲಿಸುವವರು ಎಲ್ಲ ಬಗೆಯ ಭೇದಿಗೂ 'ಡಾಯರಿಯಾ' ಎನ್ನುತ್ತಿದ್ದರು. ಹಳ್ಳಿಯ ತಾಯಿಗಾದರೋ ಭೇದಿಯು ನಾಲ್ಕು ವಿಧ: ಮೊಲೆಯುಣ್ಣುವ ಕೂಸಿನದು ಒಂದು, ಅಜೀರ್ಣದ್ದು ಒಂದು, ಆಮಶಂಕೆ ಒಂದು; ಕಾಲರಾದಂತೆ ನೀರುನೀರಾಗಿ ಹರಿಯುವ ಘೋರವಾದುದು ಮಾತ್ರವೇ 'ಡಾಯರಿಯಾ'. ಹೇಳಿದವರೂ ಕೇಳಿದವರೂ ಒಂದೇ ಶಬ್ದವನ್ನಾಡುತ್ತ ಎರಡು ಬೇರೆ ವಸ್ತುಗಳನ್ನು ತಿಳಿಯುತ್ತಿದ್ದರು. ಬ್ರ್ಯಾಕಿನವರು ತಾಯಂದಿರನ್ನು ಮೂಢರೆಂದು ಜರೆಯಲಿಲ್ಲ; ಆ ನಾಲ್ಕು ಹೆಸರುಗಳನ್ನೇ ಹಿಡಿದು ಪಾಠವನ್ನು ತಿದ್ದಿಕೊಂಡರು.

ಸರಳವಾಗಿ ಬರೆದರೆ ಶಾಸ್ತ್ರಶುದ್ಧಿಯು ಕೆಡುವುದೆಂದು ಕೆಲವು ವೈದ್ಯಾಧಿಕಾರಿಗಳು ಆಕ್ಷೇಪಿಸಬಹುದು. ಚಿಟಿಕೆ ಉಪ್ಪಿನ ಶುದ್ಧಿಯನ್ನು ಅವರು ಪ್ರಯೋಗಶಾಲೆಯಲ್ಲಿ ಅಳೆದು ನೋಡಿದ್ದರೆಂಬುದೇ ಅದಕ್ಕೆ ಉತ್ತರ.

ಮಲೆನಾಡಿನ ಸಂಗತಿಗೆ ಬರೋಣ. ಸಾಗರ ತಾಲೂಕಿನ ಅರಳಗೋಡಿನ ಸುತ್ತ 2019ರಲ್ಲಿ ಸಂಭವಿಸಿದ ಸಾವುಗಳನ್ನು ಆ ಸೀಮೆಯವರು ಮರೆತಿಲ್ಲ. ಬಹುಕಾಲ ಚುಚ್ಚುತ್ತಿದ್ದ ಹಳೆಯ ಲಸಿಕೆಯು ಸಾಕಷ್ಟು ಫಲಕಾರಿಯಲ್ಲವೆಂದು ಕಂಡುಬಂದು 2022ರಲ್ಲಿ ನಿಂತುಹೋಯಿತು. ಈ ರೋಗಕ್ಕೆಂದೇ ಮೀಸಲಾದ ಔಷಧವೂ ಇಲ್ಲ, ಆರೈಕೆಯೊಂದೇ ಚಿಕಿತ್ಸೆ. ಹೀಗಿರಲು ಜನರ ರಕ್ಷಣೆಯು ಬಹುಮಟ್ಟಿಗೆ ಅವರಿಗೆ ಹೇಳುವ ಮಾತಿನ ಮೇಲೆಯೇ ನಿಂತಿದೆ.

ಆದಕಾರಣ ಸರಕಾರದವರು ಮೊದಲು 'ಉಣುಗಿನ ಜ್ವರ' ಎಂಬ ಹೆಸರನ್ನು ಬಳಕೆಗೆ ತರಲಿ. ಉಣ್ಣೆಯೆಂದು ಬರೆದರೆ ಬಯಲುಸೀಮೆಯವನು ಕಂಬಳಿಯನ್ನು ನೆನೆಸಿಕೊಂಡಾನು. ಮಲೆನಾಡಿನ ಬಾಯಿಗೆ ಉಣುಗೇ ಸರಿ. ಆಮೇಲೆ ಮಾಡತಕ್ಕುದನ್ನು ಬಿಡಿಬಿಡಿಯಾಗಿ ಹೇಳಲಿ. ಕಾಡಿಗೆ ಹೊರಡುವ ಮುನ್ನ ಆರೋಗ್ಯ ಖಾತೆಯವರು ಹಂಚುವ ಡೇಪಾ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿರಿ, ಮೈತುಂಬ ಬಟ್ಟೆ ತೊಡಿರಿ. ತರಗೆಲೆಯ ಮೇಲೆ ಕುಳಿತುಕೊಳ್ಳಬೇಡಿರಿ. ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಸ್ನಾನ ಮಾಡಿ ಮೈಯನ್ನೆಲ್ಲ ತಡಕಿ ನೋಡಿರಿ, ಉಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿರಿ. ಸತ್ತ ಮಂಗವನ್ನು ಮುಟ್ಟದೆ ಆಸ್ಪತ್ರೆಗೆ ಸುದ್ದಿ ಕೊಡಿರಿ. ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದುದನ್ನು ಡಾಕ್ಟರರಿಗೆ ತಪ್ಪದೆ ತಿಳಿಸಿರಿ. ಇನ್ನೊಂದು ಮಾತನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿಸಬೇಕು: ಈ ಜ್ವರವು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ರೋಗಿಯನ್ನು ದೂರವಿಟ್ಟು ಗೋಳುಗುಟ್ಟಿಸಬೇಡಿರಿ.

ಜ್ವರದ ಹಾವಳಿಯು ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳ ವರೆಗೆ. ಪ್ರಕಟನೆಯ ಕರಡನ್ನು ದೀಪಾವಳಿಗೆ ಮುಂಚೆಯೇ ಸಿದ್ಧಪಡಿಸಿ, ಅಚ್ಚಿಗೆ ಕೊಡುವ ಮೊದಲು ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ಬರುವ ಹತ್ತು ಮಂದಿ ಹೆಂಗಸರಿಗೆ ಓದಿ ಹೇಳಿ, ಅವರು ಏನೆಂದು ತಿಳಿದರೆಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಇದಕ್ಕೆ ಆಶಾ ಕಾರ್ಯಕರ್ತೆಯರಿದ್ದಾರೆ. ಹೊಸ ಹುದ್ದೆಯೂ ಬೇಡ, ಹೊಸ ಮಂಜೂರಾತಿಯೂ ಬೇಡ.